ಜಂಟಿ ಅಂಚೆಚೀಟಿಯ ಇನ್ನೊಂದು ಅರ್ಧವೂ ಇಲ್ಲೇ ಸಿಗಲಿ

ಮಾನ್ಯ ಸಂಪಾದಕರೇ,

ಎರಡು ಅಥವಾ ಹೆಚ್ಚು ದೇಶಗಳು ಮೊದಲೇ ಮಾತಾಡಿಕೊಂಡು ಒಂದೇ ವಿಷಯಕ್ಕೆ, ಸಾಧ್ಯವಾದರೆ ಒಂದೇ ದಿನ, ಒಂದೇ ಬಗೆಯ ವಿನ್ಯಾಸದಲ್ಲಿ ಹೊರತರುವ ಸ್ಮರಣಾರ್ಥ ಅಂಚೆಚೀಟಿಗಳನ್ನು ಸಂಗ್ರಾಹಕರು ‘ಜಂಟಿ ಬಿಡುಗಡೆ’ ಎನ್ನುತ್ತಾರೆ. ಹುಡುಗನಾಗಿದ್ದಾಗಿನಿಂದ ಅಂಚೆಚೀಟಿ ಕೂಡಿಡುತ್ತ ಬಂದ ನಾನು ಈಚಿನ ಇಪ್ಪತ್ತು ವರ್ಷಗಳಲ್ಲಿ ಹೆಚ್ಚಾಗಿ ಬೆನ್ನು ಹತ್ತಿರುವುದು ಇವನ್ನೇ. ಆದರೆ ನನ್ನ ಆಲ್ಬಮ್ಮಿನ ಎಷ್ಟೋ ಪುಟಗಳಲ್ಲಿ ಎಡಗಡೆ ಭಾರತದ ಚೀಟಿ ಇದೆ, ಬಲಗಡೆ ಇಂದಿಗೂ ಖಾಲಿ. ಈ ಪತ್ರ ಆ ಖಾಲಿ ಜಾಗದ ಕುರಿತಾದದ್ದು.

ಒಂದು ದೇಶದ ಅಂಚೆಚೀಟಿ ಇನ್ನೊಂದು ದೇಶದ ಅಂಚೆಯಲ್ಲಿ ನಡೆಯುವುದಿಲ್ಲವಾದ್ದರಿಂದ ಜಂಟಿ ಚೀಟಿಯನ್ನು ಪ್ರತಿ ದೇಶವೂ ತನ್ನ ಹೆಸರು, ತನ್ನ ಲಿಪಿ, ತನ್ನ ನಾಣ್ಯದ ಬೆಲೆ ಹಾಕಿ ಬೇರೆಯಾಗಿಯೇ ಅಚ್ಚು ಮಾಡಿಸಬೇಕಾಗುತ್ತದೆ. 2004ರ ಆಗಸ್ಟ್‌ನಲ್ಲಿ ಭಾರತ ಮತ್ತು ಇರಾನ್ ಕಬೀರ ಹಾಗೂ ಹಾಫಿಜ್ ಕವಿಗಳ ಚೀಟಿಗಳನ್ನು ಹೊರತಂದಾಗ ಇಬ್ಬರು ಕವಿಗಳೂ ಎರಡೂ ದೇಶಗಳ ಚೀಟಿಗಳಲ್ಲಿ ಜೊತೆಯಾದರು. ‘ಚಿತ್ರ ಅದೇ ಅಲ್ಲವೇ, ಎರಡೆರಡು ಯಾಕೆ?’ ಎಂದು ಮನೆಯಲ್ಲಿ ಕೇಳುತ್ತಾರೆ. ಅದೇ ಚಿತ್ರ ಇನ್ನೊಂದು ಮುದ್ರಣಾಲಯದಲ್ಲಿ, ಇನ್ನೊಂದು ಕಾಗದದ ಮೇಲೆ, ಇನ್ನೊಂದು ಲಿಪಿಯ ಪಕ್ಕದಲ್ಲಿ ಹೇಗೆ ಕಾಣುತ್ತದೆ ಎಂದು ನೋಡುವುದರಲ್ಲೇ ಈ ಹವ್ಯಾಸದ ರುಚಿ ಇದೆ ಎಂದು ಅವರಿಗೆ ಒಪ್ಪಿಸುವುದು ನನ್ನಿಂದ ಈವರೆಗೆ ಆಗಿಲ್ಲ.

ಇದಕ್ಕೆ ನಾನು ಸಾಮಾನ್ಯವಾಗಿ ಕೊಡುವ ನಿದರ್ಶನ ಸೇಂಟ್ ಲಾರೆನ್ಸ್ ಜಲಮಾರ್ಗದ ಚೀಟಿ. 1959ರ ಜೂನ್ 26ರಂದು ಆ ಜಲಮಾರ್ಗದ ಉದ್ಘಾಟನೆಗೆಂದು ಕೆನಡಾ ಮತ್ತು ಅಮೆರಿಕ ಒಂದೇ ವಿನ್ಯಾಸದ ಚೀಟಿ ಹೊರಡಿಸಿದವು. ಅದರಲ್ಲಿ ಕೆನಡಾದ ಮೇಪಲ್ ಎಲೆ ಮತ್ತು ಅಮೆರಿಕದ ಹದ್ದು ಒಂದಕ್ಕೊಂದು ಹೆಣೆದುಕೊಂಡಿವೆ. ಕೆನಡಾದ್ದು 5 ಸೆಂಟ್, ಅಮೆರಿಕದ್ದು 4 ಸೆಂಟ್. ಎರಡು ಬಣ್ಣಗಳನ್ನು ಬೇರೆ ಬೇರೆ ಬಾರಿ ಅಚ್ಚು ಹಾಕುವಾಗ ಕೆನಡಾದಲ್ಲಿ ಕೆಲವು ಹಾಳೆಗಳು ತಿರುಗಾಮುರುಗಾಗಿ ಹೋಗಿ, ನಡುವಿನ ಚಿತ್ರ ತಲೆಕೆಳಗಾದ ಚೀಟಿಗಳು ಅಂಚೆ ಕಚೇರಿಗಳಲ್ಲೇ ಮಾರಾಟವಾಗಿಬಿಟ್ಟವು. ಅವು ಇಂದು ಕೆನಡಾದ ಅಂಚೆಚೀಟಿಗಳ ಪೈಕಿ ಅತ್ಯಂತ ಪ್ರಸಿದ್ಧವಾದ ತಪ್ಪು ಮುದ್ರಣ. ಬರೀ ಅಮೆರಿಕದ ಚೀಟಿ ಇಟ್ಟುಕೊಂಡವನಿಗೆ ಈ ಕಥೆಯ ಸುಳಿವೂ ಸಿಗುವುದಿಲ್ಲ.

ಹಲವು ದೇಶಗಳು ಒಟ್ಟಾಗಿ ಚೀಟಿ ತರುವ ಪದ್ಧತಿ ಅದಕ್ಕೂ ಹಿಂದಿನದು. 1956ರ ಸೆಪ್ಟೆಂಬರ್‌ನಲ್ಲಿ ಬೆಲ್ಜಿಯಂ, ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಲಕ್ಸೆಂಬರ್ಗ್ ಮತ್ತು ನೆದರ್ಲೆಂಡ್ಸ್ ಮೊದಲ ‘ಯುರೋಪಾ’ ಚೀಟಿಗಳನ್ನು ತಂದವು. ‘ಯುರೋಪಾ’ ಎಂಬ ಅಕ್ಷರಗಳನ್ನೇ ಗೋಪುರದಂತೆ ಪೇರಿಸಿ, ಸುತ್ತ ಸಾರುವೆ ಕಟ್ಟಿದ ಚಿತ್ರ ಅದು. ಆರು ದೇಶಗಳ ಚೀಟಿಗಳನ್ನೂ ಸೇರಿಸಲು ಹೊರಟವರಿಗೆ ಪುಟ್ಟ ಲಕ್ಸೆಂಬರ್ಗ್‌ನ ಸೆಟ್ಟೇ ಜೇಬಿಗೆ ಹೆಚ್ಚು ಭಾರ. 1975ರ ಜುಲೈನಲ್ಲಿ ಶೀತಲ ಸಮರದ ನಡುವೆಯೂ ಬಾಹ್ಯಾಕಾಶದಲ್ಲಿ ನಡೆದ ಅಪೊಲೊ–ಸೊಯುಜ್ ನೌಕೆಗಳ ಜೋಡಣೆಗಾಗಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ಕಲಾವಿದರು ಒಂದೊಂದು ವಿನ್ಯಾಸ ಮಾಡಿ, ಎರಡನ್ನೂ ಎರಡೂ ದೇಶಗಳು ಅಚ್ಚು ಹಾಕಿಸಿದವು.

ನಮ್ಮ ಅಂಚೆ ಇಲಾಖೆಯ ಜಂಟಿ ಚೀಟಿಗಳ ಆಯ್ಕೆ ಚೆನ್ನಾಗಿದೆ ಎಂದೇ ಹೇಳಬೇಕು. ಜಪಾನಿನೊಂದಿಗೆ 2002ರಲ್ಲಿ ಕಥಕ್ಕಳಿ ಮತ್ತು ಅಲ್ಲಿನ ರಂಗಕಲೆ ಕಬುಕಿ, ದಕ್ಷಿಣ ಕೊರಿಯಾದೊಂದಿಗೆ 2003ರಲ್ಲಿ ಜಂತರ್ ಮಂತರ್ ಮತ್ತು ಚೊಮ್‌ಸೊಂಗ್‌ದೆ ವೀಕ್ಷಣಾಲಯ, ಫಿಲಿಪ್ಪೀನ್ಸ್‌ನೊಂದಿಗೆ 2009ರಲ್ಲಿ ಗಂಗಾ ಡಾಲ್ಫಿನ್ ಮತ್ತು ತಿಮಿಂಗಿಲ ಶಾರ್ಕ್, ಇಸ್ರೇಲಿನೊಂದಿಗೆ 2012ರಲ್ಲಿ ದೀಪಾವಳಿ ಮತ್ತು ಯಹೂದಿಗಳ ದೀಪದ ಹಬ್ಬ ಹನುಕ್ಕಾ, ಸರ್ಬಿಯಾದೊಂದಿಗೆ 2018ರಲ್ಲಿ ಸ್ವಾಮಿ ವಿವೇಕಾನಂದ ಮತ್ತು ನಿಕೊಲಾ ಟೆಸ್ಲಾ. 2015ರಲ್ಲಿ ಫ್ರಾನ್ಸ್ ಜೊತೆ ಬಂದ ಬಾಹ್ಯಾಕಾಶ ಸಹಕಾರದ ಚೀಟಿಗಳಂತೂ, ಇಸ್ರೊದ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇರುವುದರಿಂದ, ನಮಗೆ ಮನೆಯವೇ. ಇಷ್ಟು ಒಳ್ಳೆಯ ಜೋಡಿಗಳನ್ನು ಯೋಚಿಸುವವರು ಜೋಡಿಯ ಇನ್ನೊಂದು ಭಾಗ ಸಂಗ್ರಾಹಕನ ಕೈಸೇರುವ ದಾರಿಯನ್ನೂ ಯೋಚಿಸಬೇಕಿತ್ತು. ನಾನು ಕೇಳಿದ ಕೌಂಟರುಗಳಲ್ಲೆಲ್ಲ ನನಗೆ ಸಿಕ್ಕಿದ್ದು ಭಾರತದ ಚೀಟಿ, ಬಿಡುಗಡೆಯ ದಿನದ ಮುದ್ರೆಯಿರುವ ಪ್ರಥಮ ದಿನದ ಲಕೋಟೆ ಮತ್ತು ಮಾಹಿತಿ ಪತ್ರ ಮಾತ್ರ. ಉಳಿದದ್ದಕ್ಕೆ ವಿದೇಶದಲ್ಲಿರುವ ನಂಟರು, ವಿನಿಮಯದ ಗೆಳೆಯರು, ಇಲ್ಲವೇ ಮುಖಬೆಲೆಯ ಹಲವು ಪಟ್ಟು ಕೇಳುವ ವ್ಯಾಪಾರಿಗಳೇ ಗತಿ. ಕಿಸೆಖರ್ಚಿನ ಹಣದಲ್ಲಿ ಸಂಗ್ರಹಿಸುವ ಶಾಲಾ ಮಕ್ಕಳಿಗೆ ಆ ಮೂರೂ ದಾರಿಗಳು ಮುಚ್ಚಿದಂತೆಯೇ.

ನನ್ನ ಕೋರಿಕೆ ದೊಡ್ಡದೇನಲ್ಲ. ವಿಶ್ವ ಅಂಚೆ ಒಕ್ಕೂಟದ ಮೂಲಕ ಸದಸ್ಯ ದೇಶಗಳು ಹೊಸ ಚೀಟಿಗಳ ಮಾದರಿಗಳನ್ನು ಪರಸ್ಪರ ಹಂಚಿಕೊಳ್ಳುವುದು ಹತ್ತೊಂಬತ್ತನೇ ಶತಮಾನದಿಂದ ನಡೆದುಬಂದ ಪದ್ಧತಿ. ಜಂಟಿ ಬಿಡುಗಡೆಯ ಒಪ್ಪಂದ ಮಾಡಿಕೊಳ್ಳುವಾಗಲೇ ಎರಡೂ ಇಲಾಖೆಗಳು ಕೆಲವು ಸಾವಿರ ಚೀಟಿಗಳನ್ನು ಸಮಾನ ಬೆಲೆಗೆ ಬದಲಾಯಿಸಿಕೊಂಡು, ಎರಡೂ ದೇಶಗಳ ಜೋಡಿಯನ್ನು ಒಂದು ಫೋಲ್ಡರಿನಲ್ಲಿಟ್ಟು, ಬೆಂಗಳೂರು ಜಿಪಿಒ (ಪ್ರಧಾನ ಅಂಚೆ ಕಚೇರಿ) ಸೇರಿದಂತೆ, ಸಂಗ್ರಾಹಕರಿಗೆಂದೇ ಚೀಟಿ ಮಾರುವ ಎಲ್ಲ ಫಿಲಾಟೆಲಿ ಬ್ಯೂರೊಗಳಲ್ಲಿ ಮಾರಲಿ. ಕನಿಷ್ಠಪಕ್ಷ ಮೊದಲೇ ಹಣ ಕಟ್ಟಿ ಫಿಲಾಟೆಲಿ ಠೇವಣಿ ಖಾತೆ ಇಟ್ಟವರಿಗಾದರೂ ಇದನ್ನು ಕೊಡಬಹುದು. ಅವರಿಗೆ ಹೊಸ ಚೀಟಿಗಳು ಹೇಗೂ ಮನೆಗೇ ಬರುತ್ತವೆ. ಫೋಲ್ಡರಿಗೆಂದು ಒಂದಿಷ್ಟು ಹೆಚ್ಚು ಬೆಲೆ ಇಟ್ಟರೂ ನಮ್ಮ ತಕರಾರಿಲ್ಲ.

2008ರ ಜುಲೈನಲ್ಲಿ ಭಾರತ ಮತ್ತು ಚೀನಾ ಬೋಧಗಯೆಯ ಮಹಾಬೋಧಿ ದೇವಾಲಯ ಹಾಗೂ ಲುವೊಯಾಂಗ್‌ನ ಶ್ವೇತಾಶ್ವ ದೇವಾಲಯದ ಜೋಡಿ ಹೊರತಂದವು. ಅದರ ಭಾರತದ ಚೀಟಿಗಳನ್ನು ಆ ವರ್ಷವೇ ಕೊಂಡು ಆಲ್ಬಮ್ಮಿಗೆ ಸೇರಿಸಿದೆ. ಚೀನಾದ ಚೀಟಿಗಳಿಗೆಂದು ಬಿಟ್ಟ ಜಾಗ ಹಾಗೆಯೇ ಇದೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಅಂಚೆಚೀಟಿ ಸಂಗ್ರಾಹಕ, ಉಡುಪಿ