ಬರ್ಲಿನ್ ಮೇಳಕ್ಕೆ ಹೊರಟವರಿಗೆ

ಎಲ್ಲರಿಗೂ ನಮಸ್ಕಾರ. ಬರ್ಲಿನ್‌ನ ಗಾಂಜಾ ವ್ಯಾಪಾರ ಮೇಳಕ್ಕೆ ಹೆಂಪ್ (ನಶೆ ಅಂಶ ತೀರಾ ಕಡಿಮೆ ಇರುವ ಗಾಂಜಾ ಜಾತಿಯ ಗಿಡ) ಬಟ್ಟೆ, ಬೀಜದ ಎಣ್ಣೆ ತಗೊಂಡು ಹೋಗುವವರು ಇದನ್ನು ಪೂರ್ತಿ ಓದಿ. ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ವಯಸ್ಕರು 25 ಗ್ರಾಂ ಗಾಂಜಾ ಇಟ್ಟುಕೊಂಡು ಓಡಾಡಬಹುದು, ಮನೆಯಲ್ಲಿ ಮೂರು ಗಿಡ ಬೆಳೆಸಬಹುದು, ಆದರೆ ಮಾಮೂಲಿ ಅಂಗಡಿಯಲ್ಲಿಟ್ಟು ಮಾರುವ ಹಾಗಿಲ್ಲ. ಹಾಗಾಗಿ ಗೊಬ್ಬರ, ಲೈಟು, ಟೆಂಟು, ಪ್ಯಾಕಿಂಗ್, ಬಟ್ಟೆಯವರಿಗೇ ಅಲ್ಲಿ ಜಾಸ್ತಿ ಅವಕಾಶ. ನಮಗೆ ಬೇಕಾದ್ದೂ ಅದೇ ಅಲ್ವಾ?

ಸ್ಯಾಂಪಲ್ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ಎಣ್ಣೆ ಬಾಟಲಿ ಜೊತೆ ಟಿಎಚ್‌ಸಿ (ಗಾಂಜಾದಲ್ಲಿ ನಶೆ ತರಿಸುವ ಅಂಶ) ಎಷ್ಟಿದೆ ಅನ್ನುವ ಲ್ಯಾಬ್ ವರದಿ ಇರಲಿ, ಲೇಬಲ್ ಮೇಲಿನ ಬ್ಯಾಚ್ ನಂಬರ್ ವರದಿಯಲ್ಲೂ ಅದೇ ಇದೆಯಾ ಅಂತ ಇವತ್ತೇ ನೋಡಿ. ದುಬೈ ಮೇಲೆ ಹೋಗುವ ಟಿಕೆಟ್ ಬೇಡ, ಅಲ್ಲಿನ ಕಾನೂನು ತುಂಬಾ ಬಿಗಿ.

ವಾಪಸ್ ಬರುವಾಗ ಯಾರೋ ಪ್ರೀತಿಯಿಂದ ಕೊಟ್ಟ ಗಮ್ಮಿ (ಗಾಂಜಾ ಹಾಕಿದ ಮಿಠಾಯಿ) ಕೂಡ ಬ್ಯಾಗಿನಲ್ಲಿ ಇರಬಾರದು. ದೇವನಹಳ್ಳಿಯಲ್ಲಿ ಇಳಿದರೆ ನಮ್ಮ ದೇಶದ ಮಾದಕ ವಸ್ತು ಕಾನೂನಾದ 1985ರ ಎನ್‌ಡಿಪಿಎಸ್ ಕಾಯ್ದೆಯೇ ಲೆಕ್ಕ. 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಆಹಾರ ಅಂತ ಒಪ್ಪಿದ್ದು ಹೆಂಪ್ ಬೀಜ, ಬೀಜದ ಎಣ್ಣೆ, ಹಿಟ್ಟನ್ನು ಮಾತ್ರ, ಹೂವನ್ನಲ್ಲ. ಒಬ್ಬರು ಸಿಕ್ಕಿಬಿದ್ದರೂ ಇಷ್ಟು ಕಷ್ಟಪಟ್ಟು ಕಟ್ಟಿದ ನಮ್ಮೆಲ್ಲರ ವ್ಯಾಪಾರಕ್ಕೆ ಪೆಟ್ಟು.

ಸ್ಟಾಲ್ ಹಂಚಿಕೊಳ್ಳುವವರು ಭಾನುವಾರದೊಳಗೆ ಇಲ್ಲೇ ಹೆಸರು ಹಾಕಿ.