ಮಕ್ಕಳ ಭವಿಷ್ಯವನ್ನು ಝೆರಾಕ್ಸ್ ಅಂಗಡಿಗೆ ಬಿಡಬೇಡಿ: ಮಹಾರಾಷ್ಟ್ರದ ಶಾಲಾ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಶಾಲಾ ಶಿಕ್ಷಣ ಸಚಿವರು,
ಮಹಾರಾಷ್ಟ್ರ ಸರ್ಕಾರ,
ಮಂತ್ರಾಲಯ, ಮುಂಬೈ

ವಿಷಯ: ಕನ್ನಡ ಮಾಧ್ಯಮದ ಮಕ್ಕಳಿಗೆ 9ನೇ ತರಗತಿಯಿಂದಲೇ ಕರಿಯರ್ ಗೈಡೆನ್ಸ್ ಕೊಡಿಸುವ ಬಗ್ಗೆ

ಮಾನ್ಯರೇ,

ನಾನು ಮುಂಬೈಯ ಕುರ್ಲಾದಲ್ಲಿ ಸಣ್ಣದೊಂದು ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಊರು ಕುಂದಾಪುರದ ಕಡೆ. ಝೆರಾಕ್ಸ್ ಜೊತೆಗೆ ಪಾನ್ ಕಾರ್ಡ್, ಲೈಟ್ ಬಿಲ್, ರೈಲ್ವೆ ಟಿಕೆಟ್, ಎಲ್ಲಾ ಆನ್‌ಲೈನ್ ಕೆಲಸವನ್ನೂ ಮಾಡಿಕೊಡುತ್ತೇನೆ. ಹತ್ತನೇ ಕ್ಲಾಸಿನ ರಿಸಲ್ಟ್ ಬಂದ ಮೇಲೆ ಒಂದೂವರೆ ತಿಂಗಳು ಮಾತ್ರ ಬೇರೆಯದೇ ಕೆಲಸ. ಆಗ ನಾನು ಮಕ್ಕಳು ಮುಂದೆ ಏನು ಓದಬೇಕು ಅಂತ ತೀರ್ಮಾನ ಮಾಡುತ್ತೇನೆ. ತಮಾಷೆ ಮಾಡುತ್ತಿಲ್ಲ, ನಿಜವಾಗಿಯೂ ಅದೇ ನಡೆಯುತ್ತಿದೆ. ಅದು ನಿಮ್ಮ ಇಲಾಖೆಯ ಕೆಲಸ. ಅದನ್ನು ನನ್ನ ಕೌಂಟರಿನಿಂದ ವಾಪಸ್ ತೆಗೆದುಕೊಳ್ಳಿ ಎಂದು ಕೇಳುವುದಕ್ಕೇ ಈ ಪತ್ರ. ಕನ್ನಡದಲ್ಲಿ ಬರೆಯುತ್ತಿರುವುದು ಇಲ್ಲಿನ ನಮ್ಮ ಜನ ಓದಲಿ ಎಂದು. ನಿಮ್ಮ ಕಚೇರಿಗೆ ಮರಾಠಿ ಪ್ರತಿಯನ್ನು ಬೇರೆ ಕಳಿಸಿದ್ದೇನೆ.

ಕಳೆದ ಸೀಸನ್ನಿನಲ್ಲಿ ಒಬ್ಬ ತಂದೆ ಮಗನನ್ನು ಕರೆದುಕೊಂಡು ಬಂದರು. ಯಾದಗಿರಿ ಕಡೆಯವರು, ಸೆಂಟ್ರಿಂಗ್ ಕೆಲಸ. ಮಾರ್ಕ್‌ಶೀಟಿನ ಪ್ರಿಂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟುಕೊಂಡಿದ್ದರು. ಹುಡುಗ ಕನ್ನಡ ಮಾಧ್ಯಮ, ಲೆಕ್ಕ-ವಿಜ್ಞಾನ ಎರಡರಲ್ಲೂ ಎಪ್ಪತ್ತರ ಹತ್ತಿರ ಇದ್ದಾನೆ. "ಏನು ಓದ್ಬೇಕು ಅಂತಿದೀಯಾ?" ಎಂದೆ. ಹುಡುಗ ಅಪ್ಪನ ಮುಖ ನೋಡಿದ. ಅಪ್ಪ ನನ್ನ ಮುಖ ನೋಡಿದರು. "ನೀವ ಹೇಳ್ರಿ ಸೇಠ್, ನಿಮಗ ಗೊತ್ತಿರ್ತದ. ಎಲ್ಲಾರೂ ಕಾಮರ್ಸ್ ಅಂತಾರ್ರೀ, ಅದನ್ನ ಹಾಕ್ರಿ." ಹಿಂದೆ ಆಧಾರ್ ಝೆರಾಕ್ಸಿಗೆ ಐದಾರು ಜನ ನಿಂತಿದ್ದರು. ಹನ್ನೊಂದನೇ ಕ್ಲಾಸಿನ ಪ್ರವೇಶದ ಆನ್‌ಲೈನ್ ಫಾರ್ಮಿನಲ್ಲಿ, ಟ್ರೇನ್ ಬದಲಿಸದೆ ಹೋಗಿಬರಬಹುದಾದ ಕಾಲೇಜುಗಳನ್ನು ಒಂದರ ಕೆಳಗೊಂದು ಹಾಕಿದೆ, ಎಲ್ಲದಕ್ಕೂ ಕಾಮರ್ಸ್. ಓಟಿಪಿ ಬಂತು, ಫಾರ್ಮ್ ಲಾಕ್ ಆಯಿತು. ಅಪ್ಪ ದುಡ್ಡು ಎಣಿಸುವಾಗ ಹುಡುಗ ಮೆಲ್ಲಗೆ ಕೇಳಿದ, "ಅಣ್ಣಾ, ಲಿಫ್ಟ್ ರಿಪೇರಿ ಮಾಡೋರು ಏನ್ ಕಲ್ತಿರ್ತಾರ?"

ಅಪ್ಪ ಕೆಲಸ ಮಾಡುವ ಟವರಿನಲ್ಲಿ ಲಿಫ್ಟ್ ಕೂರಿಸುವುದನ್ನು ನೋಡಿದ್ದನಂತೆ. ಒಳ್ಳೆಯ ಪ್ರಶ್ನೆ, ಅಲ್ವಾ? ಉತ್ತರವೂ ಇದೆ. ಐಟಿಐಯಲ್ಲಿ ಲಿಫ್ಟ್ ಮತ್ತು ಎಸ್ಕಲೇಟರ್ ಮೆಕ್ಯಾನಿಕ್ ಅಂತಲೇ ಒಂದು ಟ್ರೇಡ್ ಇದೆ. ಎಲೆಕ್ಟ್ರಿಷಿಯನ್ ಮಾಡಿಕೊಂಡೂ ಆ ಕಡೆ ಹೋಗಬಹುದು. ಈ ಊರಿನಲ್ಲಿ ದಿನಕ್ಕೊಂದು ಟವರ್ ಏಳುತ್ತಿದೆ, ಲಿಫ್ಟ್ ಇಲ್ಲದ ಟವರ್ ಎಲ್ಲಿದೆ? ಆದರೆ ಈ ಪ್ರಶ್ನೆಯನ್ನು ಅವನು 9ನೇ ಕ್ಲಾಸಿನಲ್ಲಿ, ಶಾಲೆಯಲ್ಲಿ, ತಿಳಿದವರೊಬ್ಬರ ಹತ್ತಿರ ಕೇಳಬೇಕಾಗಿತ್ತು. ಫಾರ್ಮ್ ಲಾಕ್ ಆದ ಮೇಲೆ ನನ್ನ ಹತ್ತಿರ ಅಲ್ಲ.

ಈ ಫಾರ್ಮ್ ನಿಮಗೆ ಗೊತ್ತಿರುವುದೇ. 2025-26ರಿಂದ ಇಡೀ ರಾಜ್ಯಕ್ಕೆ ಒಂದೇ ಆನ್‌ಲೈನ್ ವ್ಯವಸ್ಥೆ ಮಾಡಿದ್ದೀರಿ. ಮುಂಬೈಯಲ್ಲಿ ನಮಗೆ ಅದು ಹಳೆಯದು. ಎರಡನೇ ಭಾಗದಲ್ಲಿ 1ರಿಂದ 10 ಕಾಲೇಜುಗಳ ಹೆಸರು ಹಾಕಬೇಕು. ಮೊದಲನೆಯದಾಗಿ ಹಾಕಿದ ಕಾಲೇಜೇ ಸಿಕ್ಕಿದರೆ ಸೇರಲೇಬೇಕು, ಇಲ್ಲವಾದರೆ ಮುಂದಿನ ರೆಗ್ಯುಲರ್ ರೌಂಡುಗಳಿಂದ ಹೊರಗೆ. ಈ ನಿಯಮ ಗೊತ್ತಿಲ್ಲದೆ, ಗೆಳೆಯ ಹಾಕಿದ ಅಂತ ಅದೇ ಕಾಲೇಜನ್ನು ಮೊದಲು ಹಾಕಿ ಆಮೇಲೆ ಒದ್ದಾಡುವ ಮಕ್ಕಳು ಪ್ರತಿ ವರ್ಷ ಬರುತ್ತಾರೆ.

ಕಾಲೇಜನ್ನಾದರೂ ಬದಲಿಸಬಹುದು. ಸ್ಟ್ರೀಮ್ ತಪ್ಪಿದರೆ ಕಷ್ಟ. ನಮ್ಮ ಗಲ್ಲಿಯ ಒಬ್ಬ ಹುಡುಗಿಗೆ ಚಿಕ್ಕಂದಿನಿಂದ ನರ್ಸ್ ಆಗುವ ಆಸೆ. ಅವಳೂ ಕಾಮರ್ಸ್ ತೆಗೆದುಕೊಂಡಳು, ಗೆಳತಿಯರೆಲ್ಲ ಅಲ್ಲೇ ಇದ್ದರು. ಬಿಎಸ್ಸಿ ನರ್ಸಿಂಗಿಗೆ ಹನ್ನೆರಡನೆಯದರಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಬೇಕೇ ಬೇಕು ಎನ್ನುವುದು ಹನ್ನೆರಡು ಮುಗಿದ ಮೇಲೆ ಗೊತ್ತಾಯಿತು. ಅಷ್ಟಕ್ಕೇ ನರ್ಸಿಂಗ್ ಆಸೆ ಬಿಟ್ಟು ಮಾಲ್ ಒಂದರಲ್ಲಿ ಕೆಲಸಕ್ಕೆ ಸೇರಿದಳು. ಜಿಎನ್‌ಎಂ ಎನ್ನುವ ನರ್ಸಿಂಗ್ ಡಿಪ್ಲೊಮಾಕ್ಕೆ ಕಾಮರ್ಸ್ ಆದರೂ ನಡೆಯುತ್ತದೆ ಎಂದು ಆಗಲೂ ಅವಳಿಗೆ ಯಾರೂ ಹೇಳಲಿಲ್ಲ. ಶುರುವಿನಲ್ಲೂ ಹೇಳುವವರಿಲ್ಲ, ಕೊನೆಯಲ್ಲೂ ಇಲ್ಲ.

ನಮ್ಮ ಮಕ್ಕಳಿಗೆ ಗೊತ್ತಿರುವ ಲೆಕ್ಕ ಬಹಳ ಸುಲಭದ್ದು. ಮಾರ್ಕ್ಸ್ ಜಾಸ್ತಿ ಬಂದರೆ ಸೈನ್ಸ್, ನಡುವೆ ಇದ್ದರೆ ಕಾಮರ್ಸ್, ಉಳಿದವರಿಗೆ ಆರ್ಟ್ಸ್. ಫೇಲಾದವರಿಗೆ ಐಟಿಐ. ಪಾಲಿಟೆಕ್ನಿಕ್ ಅಂದರೆ ದೊಡ್ಡವರ ಮಕ್ಕಳಿಗೆ. ಇದರಲ್ಲಿ ಒಂದೂ ಸರಿಯಿಲ್ಲ. ಹತ್ತನೆಯದರಲ್ಲಿ ಶೇ. 35 ಇದ್ದರೆ ಡಿಪ್ಲೊಮಾಕ್ಕೆ ಅರ್ಜಿ ಹಾಕಬಹುದು. ಬಾಂದ್ರಾದಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಇದೆ, ಮಾಟುಂಗಾದ ವಿಜೆಟಿಐಯಲ್ಲೂ ಹತ್ತನೆಯ ನಂತರದ ಡಿಪ್ಲೊಮಾ ಇದೆ. ಸೀಟು ಸಿಗುವುದು ಮೆರಿಟ್ ಮೇಲೆ, ಅದು ಬೇರೆ ಮಾತು. ಅರ್ಜಿಯನ್ನೇ ಹಾಕದವನಿಗೆ ಮೆರಿಟ್ ಎಲ್ಲಿಂದ? ಎರಡು ವರ್ಷದ ಐಟಿಐ ಮುಗಿಸಿದವನು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಮುಗಿಸಿದವನು ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ. ಕುರ್ಲಾ, ಮುಲುಂಡ್ ಐಟಿಐಗಳ ಗೇಟಿನ ಮುಂದೆ ದಿನಾ ಓಡಾಡುವ ತಂದೆತಾಯಿಗೂ ಇದು ಗೊತ್ತಿಲ್ಲ. ಗೊತ್ತಾದರೂ "ಐಟಿಐ ಬ್ಯಾಡ್ರಿ, ನಾವಂತೂ ಕೈಕೆಲಸ ಮಾಡಿ ಸಾಕಾಗೈತಿ" ಅನ್ನುತ್ತಾರೆ. ಅದನ್ನು ತಪ್ಪು ಅನ್ನಲಾರೆ. ಆದರೆ ಕೂಲಿಗೂ ಸರ್ಟಿಫಿಕೇಟ್ ಇರುವ ಕೆಲಸಗಾರನಿಗೂ ಇರುವ ಫರಕನ್ನು ಕೂತು ಮಾತಾಡಿ ತಿಳಿಸುವವರು ಬೇಕು. ಝೆರಾಕ್ಸ್ ಮಷಿನ್ ಆನ್ ಇಟ್ಟುಕೊಂಡು ಆ ಮಾತು ಆಡಲಾಗದು.

ಇನ್ನೊಂದು ಸಂಗತಿ ನಮ್ಮಂಥ ಹೊರಗಿನಿಂದ ಬಂದವರಿಗೆ ಮುಖ್ಯ. ಗೈಡೆನ್ಸ್ ಎಂದು ಭಾಷಣ ಮಾಡುವವರು ಯಾರೂ ಇದನ್ನು ಮುಟ್ಟುವುದಿಲ್ಲ. ಕಾಗದಪತ್ರ. ಪಾಲಿಟೆಕ್ನಿಕ್, ಮುಂದೆ ಇಂಜಿನಿಯರಿಂಗ್, ಮೆಡಿಕಲ್ ಎಂದರೆ ಡೊಮಿಸೈಲ್, ಅಂದರೆ ಈ ರಾಜ್ಯದ ನಿವಾಸಿ ಎನ್ನುವ ಸರ್ಟಿಫಿಕೇಟ್, ಕೇಳುತ್ತಾರೆ. ಅದಕ್ಕೆ ವರ್ಷಗಟ್ಟಲೆ ಇಲ್ಲೇ ವಾಸವಿದ್ದ ಪುರಾವೆ ಬೇಕು. ಬಾಡಿಗೆ ಮನೆ ಬದಲಿಸುತ್ತಲೇ ಇರುವ, ನಾಕಾದಲ್ಲಿ ನಿಂತು ದಿನಗೂಲಿ ಹುಡುಕುವವರ ಹತ್ತಿರ ಪುರಾವೆ ಎಂದರೆ ಮಗುವಿನ ಶಾಲೆಯ ರಿಜಿಸ್ಟರ್ ಒಂದೇ.

ಜಾತಿ ಸರ್ಟಿಫಿಕೇಟಿನದು ಇನ್ನೂ ಕಗ್ಗಂಟು. ಮಹಾರಾಷ್ಟ್ರದ ಮೀಸಲಾತಿ ಸಿಗಬೇಕಾದರೆ, ಪರಿಶಿಷ್ಟ ಜಾತಿಯವರಾದರೆ 1950ರ ಆಗಸ್ಟ್ 10ಕ್ಕಿಂತ ಮೊದಲು, ಒಬಿಸಿಯವರಾದರೆ 1967ರ ಅಕ್ಟೋಬರ್ 13ಕ್ಕಿಂತ ಮೊದಲು ಕುಟುಂಬ ಈ ರಾಜ್ಯದಲ್ಲಿ ನೆಲೆಸಿತ್ತು ಎನ್ನುವ ದಾಖಲೆ ತೋರಿಸಬೇಕು. ಕಲಬುರಗಿ, ರಾಯಚೂರಿನಿಂದ ಎಂಬತ್ತು, ತೊಂಬತ್ತರ ದಶಕದಲ್ಲಿ ಬಂದವರು ಅದನ್ನು ಎಲ್ಲಿಂದ ತರಬೇಕು? ಮಗು ಹುಟ್ಟಿದ್ದು ಸಾಯನ್ ಆಸ್ಪತ್ರೆಯಲ್ಲಿ, ಓದಿದ್ದು ಪಾಲಿಕೆ ಶಾಲೆಯಲ್ಲಿ. ಊರಿನಿಂದ ತರಿಸಿದ ಸರ್ಟಿಫಿಕೇಟ್ ಹಿಡಿದು ಕೋಟಾ ಕಾಲಮ್ಮಿಗೆ ಟಿಕ್ ಹಾಕಿಸುತ್ತಾರೆ. ವೆರಿಫಿಕೇಶನ್ ಹೊತ್ತಿಗೆ ನಡೆಯುವುದಿಲ್ಲ ಎನ್ನುತ್ತಾರೆ. ಆ ಹೊತ್ತಿಗೆ ಓಪನ್‌ನಲ್ಲಿ ಸಿಗಬಹುದಾಗಿದ್ದ ಸೀಟೂ ಕೈತಪ್ಪಿರುತ್ತದೆ. ಈ ನಿಯಮವನ್ನು ನೀವು ಬದಲಿಸಿ ಎಂದು ನಾನು ಕೇಳುತ್ತಿಲ್ಲ, ಅದು ನಿಮ್ಮೊಬ್ಬರ ಕೈಯಲ್ಲೂ ಇಲ್ಲ. ಎಂಟನೇ ಕ್ಲಾಸಿನಲ್ಲೇ ಹೇಳಿ ಎನ್ನುತ್ತಿದ್ದೇನೆ. ಯಾರ ಕಾಗದ ಇಲ್ಲಿ ನಡೆಯುತ್ತದೆ, ಯಾರದು ನಡೆಯುವುದಿಲ್ಲ, ಕೇಂದ್ರ ಸರ್ಕಾರದ ಸಂಸ್ಥೆಗಳಲ್ಲಿ ಊರಿನ ಸರ್ಟಿಫಿಕೇಟಿಗೆ ಬೆಲೆ ಇದೆ, ಕನ್ನಡಿಗರ ಭಾಷಾ ಅಲ್ಪಸಂಖ್ಯಾತ ಸಂಸ್ಥೆಯ ಜೂನಿಯರ್ ಕಾಲೇಜಿನಲ್ಲಿ ಅರ್ಧದಷ್ಟು ಸೀಟು ಕನ್ನಡದ ಮಕ್ಕಳಿಗೆಂದೇ ಇರುತ್ತದೆ. ಇಷ್ಟು ಮೊದಲೇ ಗೊತ್ತಿದ್ದರೆ ಅರ್ಧ ಗೋಳು ತಪ್ಪುತ್ತದೆ.

ಸರ್ಕಾರ ಏನೂ ಮಾಡಿಲ್ಲ ಎಂದರೆ ಸುಳ್ಳಾಗುತ್ತದೆ. ಮಕ್ಕಳಿಗೆ ವೃತ್ತಿ ಮಾರ್ಗದರ್ಶನ ಕೊಡುವ ಕೆಲಸದಲ್ಲಿ ಈ ಊರು ದೇಶದ ಹಿರಿಯ ಊರುಗಳಲ್ಲಿ ಒಂದು. 1941ರಲ್ಲೇ ಬಾಟ್ಲಿಬಾಯ್ ಬ್ಯೂರೋ ಇಲ್ಲಿ ಶುರುವಾಗಿತ್ತು, 1947ರಲ್ಲಿ ಪಾರ್ಸಿ ಪಂಚಾಯತಿಯದು. ನೀವು 2016ರಲ್ಲಿ ಹತ್ತನೆಯವರಿಗೆ 'ಕಲ್ ಚಾಚಣಿ', ಅಂದರೆ ಮಕ್ಕಳ ಒಲವು ಯಾವ ಕಡೆ ಎಂದು ನೋಡುವ ಪರೀಕ್ಷೆ, ತಂದಿರಿ, ಅದು ಕೆಲವು ವರ್ಷ ನಡೆದು ನಿಂತಿತು. 2020ರಲ್ಲಿ ಯುನಿಸೆಫ್ ಜೊತೆ ಸೇರಿ 9ರಿಂದ 12ರವರಿಗೆ ಮಹಾಕರಿಯರ್ ಪೋರ್ಟಲ್ ಮಾಡಿದಿರಿ. ಒಳ್ಳೆಯ ಪೋರ್ಟಲ್, ನಾನೇ ತೆರೆದು ನೋಡಿದ್ದೇನೆ. ಆದರೆ ಒಳಗೆ ಹೋಗಲು ಸರಲ್ ಐಡಿ, ಅಂದರೆ ಶಾಲೆಯ ದಾಖಲೆಯಲ್ಲಿರುವ ವಿದ್ಯಾರ್ಥಿ ನಂಬರ್, ಬೇಕು. ನನ್ನ ಅಂಗಡಿಗೆ ಬರುವ ಮಕ್ಕಳಲ್ಲಿ ತಮ್ಮ ಸರಲ್ ಐಡಿ ಗೊತ್ತಿರುವವರು ಅಪರೂಪ. ಗೊತ್ತಿದ್ದರೂ, ನೂರಾರು ಕೋರ್ಸುಗಳ ಪಟ್ಟಿಯ ಮುಂದೆ ಹದಿನೈದು ವರ್ಷದ ಮಗುವನ್ನು ಕೂರಿಸಿ ಆರಿಸಿಕೋ ಎಂದರೆ ಅದು ಏನು ಮಾಡೀತು? ಸುಮ್ನೆ ಸ್ಕ್ರೋಲ್ ಮಾಡಿ ಎದ್ದುಹೋಗುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳನ್ನು ಹತ್ತು ದಿನ ಬ್ಯಾಗ್ ಇಲ್ಲದೆ ಬಡಗಿ, ಮಾಲಿ, ಕುಂಬಾರರ ಹತ್ತಿರ ಕಳಿಸಬೇಕು ಎನ್ನುತ್ತದೆ. ಸೆಂಟ್ರಿಂಗ್‌ನವನ ಮಗನಿಗೆ ಬಡಗಿಯನ್ನು ತೋರಿಸಬೇಕಾಗಿಲ್ಲ ಸ್ವಾಮಿ, ಅವನ ಮನೆಯಲ್ಲೇ ಇದ್ದಾರೆ. ಅವನಿಗೆ ಪಾಲಿಟೆಕ್ನಿಕ್ಕಿನ ವರ್ಕ್‌ಶಾಪ್ ತೋರಿಸಿ, ಆಸ್ಪತ್ರೆಯ ಲ್ಯಾಬ್ ತೋರಿಸಿ, ಬೆಸ್ಟ್ ಬಸ್ ಡಿಪೋ ತೋರಿಸಿ.

ಹಿಂದೆ ನಮ್ಮವರಲ್ಲಿ ಹೇಳುವವರಿದ್ದರು. ನಮ್ಮ ಅಪ್ಪನ ಕಾಲದವರು ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ ರಾತ್ರಿ ಶಾಲೆಗೆ ಹೋದವರು. ಅಲ್ಲಿ ಒಂದು ವರ್ಷ ಮುಂದಿದ್ದವನು ಹಿಂದಿನವನಿಗೆ ಟೈಪಿಂಗ್ ಕಲಿ, ಶಾರ್ಟ್‌ಹ್ಯಾಂಡ್ ಕಲಿ, ಇಂಥ ಬ್ಯಾಂಕಿನ ಪರೀಕ್ಷೆ ಬರೆ ಎಂದು ಹೇಳುತ್ತಿದ್ದ. ಸಂಘದ ಹಿರಿಯರೊಬ್ಬರು ಫೀಸು ಕಟ್ಟುತ್ತಿದ್ದರು. ಆ ಸಂಘಗಳಲ್ಲಿ ಈಗಲೂ ಸ್ಕಾಲರ್‌ಶಿಪ್ ಕೊಡುತ್ತಾರೆ, ಸನ್ಮಾನ ಮಾಡುತ್ತಾರೆ, ಶಾಲು ಹೊದಿಸುತ್ತಾರೆ. ಆದರೆ ಅಲ್ಲಿಗೆ ಬರುವುದು ಹೆಚ್ಚಾಗಿ ಕರಾವಳಿಯ ಮಕ್ಕಳು, ಅವರೆಲ್ಲ ಇಂಗ್ಲಿಷ್ ಮಾಧ್ಯಮ. ಈಗ ಕನ್ನಡ ಮಾಧ್ಯಮದ ಬೆಂಚಿನಲ್ಲಿ ಜಾಸ್ತಿ ಕೂತಿರುವುದು ಉತ್ತರ ಕರ್ನಾಟಕದ ಕೂಲಿಗಳ ಮಕ್ಕಳು. ಅವರಿಗೆ ಮುಂದೆ ಹೋದ ಅಣ್ಣನೂ ಇಲ್ಲ, ಸಂಘದ ವಿಳಾಸವೂ ಗೊತ್ತಿಲ್ಲ. ನಮ್ಮ ಸಂಘದವರು ಇದನ್ನು ಓದಿ ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಶಿಕ್ಷಕರನ್ನು ಕೇಳಿ ಎನ್ನುತ್ತೀರಿ. ಕೇಳುವುದು ಯಾವಾಗ? ಅವರಿಗೆ ಮತದಾರರ ಪಟ್ಟಿಯ ಕೆಲಸ, ಸರ್ವೆ ಕೆಲಸ, ಪೋರ್ಟಲಿಗೆ ಮಾಹಿತಿ ತುಂಬುವ ಕೆಲಸ. ಇವೆಲ್ಲ ಮುಗಿದ ಮೇಲೆ ಪಾಠ. ಐಟಿಐಯಲ್ಲಿ ಯಾವ ಟ್ರೇಡಿಗೆ ಎಷ್ಟು ವರ್ಷ ಎಂದು ನೆನಪಿಟ್ಟುಕೊಳ್ಳಿ ಎಂದು ಅವರಿಗೆ ಹೇಳುವ ಮುಖ ನನಗಿಲ್ಲ.

ಹಾಗಾದರೆ ಏನು ಮಾಡಬೇಕು? ಹೊಸ ಐಡಿಯಾ ಬೇಕಾಗಿಲ್ಲ. 1964-66ರ ಕೊಠಾರಿ ಆಯೋಗ ಆಗಲೇ ಹೇಳಿದೆ, ಹತ್ತು ಹೈಸ್ಕೂಲುಗಳಿಗೆ ಒಬ್ಬ ಕೌನ್ಸೆಲರ್, ಶಾಲೆಯಿಂದ ಶಾಲೆಗೆ ಹೋಗುವವರು ಇರಲಿ ಎಂದು. ಅದನ್ನೇ ಮಾಡಿ. ಮುಂಬೈಯಲ್ಲಿ 10ನೇ ಕ್ಲಾಸಿನವರೆಗೆ ನಡೆಯುತ್ತಿರುವ ಕನ್ನಡ ಶಾಲೆಗಳನ್ನು ಒಟ್ಟು ಹಾಕಿದರೆ, ಕನ್ನಡ ಬರುವ ಒಬ್ಬಿಬ್ಬರು ಕೌನ್ಸೆಲರ್‌ಗಳಿಂದ ಶುರು ಮಾಡಬಹುದು. ಕನ್ನಡ ಬರುವವರು ಸಿಗಲ್ಲ ಎಂದು ಮಾತ್ರ ಹೇಳಬೇಡಿ. ಕಲೀನಾದಲ್ಲಿ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗವೇ ಇದೆ, ಅಲ್ಲಿ ಓದಿದವರಿಗೆ ತರಬೇತಿ ಕೊಡಿ. ನಿಮ್ಮ ಬಾಲಭಾರತಿ ಪುಣೆಯಲ್ಲಿ ಕನ್ನಡ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. 9ನೇ ತರಗತಿಯ ಪುಸ್ತಕದ ಕಟ್ಟಿನ ಜೊತೆಗೆ ಹದಿನಾರು ಪುಟದ ಒಂದು ಸಣ್ಣ ಪುಸ್ತಿಕೆ ಕನ್ನಡದಲ್ಲಿ ಬರಲಿ: ಹತ್ತರ ನಂತರ ಎಲ್ಲಿಗೆ, ಯಾವುದಕ್ಕೆ ಯಾವ ವಿಷಯ ಬೇಕು, ಯಾವ ಕಾಗದ ಯಾವಾಗ ಮಾಡಿಸಬೇಕು.

ಪಾಲಕರ ಸಭೆಯನ್ನು ಭಾನುವಾರ ಇಡಿ. ಬೇರೆ ದಿನ ಸಭೆ ಎಂದರೆ ಅವರಿಗೆ ಒಂದು ದಿನದ ಪಗಾರ ಹೋಯಿತು, ಬರುವುದಿಲ್ಲ. ಬಂದವರ ಹತ್ತಿರ ಮರಾಠಿ ಪ್ರೆಸೆಂಟೇಶನ್ ತೋರಿಸಬೇಡಿ. ಅವರು ಮರಾಠಿ ಮಾತಾಡುತ್ತಾರೆ, ನನಗಿಂತ ಚೆನ್ನಾಗಿಯೇ ಮಾತಾಡುತ್ತಾರೆ. ಆದರೆ ಮಗಳ ಓದಿನ ವಿಷಯದಲ್ಲಿ ಅನುಮಾನ ಬಂದರೆ ಅದನ್ನು ಕೇಳುವುದು ತಮ್ಮ ಮಾತಿನಲ್ಲೇ.

2025ರಲ್ಲಿ ರಿಸಲ್ಟ್ ಮೇ 13ಕ್ಕೇ ಬಂದಿತ್ತು. ಅರ್ಧ ಮಕ್ಕಳು ಆಗ ಊರಿನಲ್ಲಿದ್ದರು, ಫೋನಿನಲ್ಲೇ "ಏನಾದ್ರೂ ಹಾಕ್ರಿ ಅಣ್ಣಾ" ಎಂದರು. ಫಾರ್ಮ್ ತುಂಬಿದ್ದಕ್ಕೆ ನನಗೆ ದುಡ್ಡು ಬರುತ್ತದೆ, ನೀವು ಇದನ್ನೆಲ್ಲ ಸರಿ ಮಾಡಿದರೂ ಫಾರ್ಮ್ ತುಂಬಿಸಲು ಅವರು ನನ್ನ ಹತ್ತಿರವೇ ಬರುತ್ತಾರೆ. ಬರಲಿ. ಹತ್ತು ಕಾಲೇಜಿನ ಹೆಸರು, ಸ್ಟ್ರೀಮು ಎಲ್ಲ ಒಂದು ಚೀಟಿಯಲ್ಲಿ ತಾವೇ ಬರೆದುಕೊಂಡು ಬರಲಿ, ನಾನು ಟೈಪ್ ಮಾಡಿಕೊಡುತ್ತೇನೆ.

ನಿಮ್ಮ ಕಚೇರಿಯಿಂದ ಯಾರಾದರೂ ಬಂದು ನೋಡುವುದಾದರೆ ರಿಸಲ್ಟ್ ಬಂದ ಮೊದಲ ವಾರದಲ್ಲಿ, ಸಂಜೆ ಆರರ ಮೇಲೆ ಬರಲಿ. ಕೂರಲು ಜಾಗ ಇರುವುದಿಲ್ಲ, ಚಹಾ ತರಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕುರ್ಲಾದ ಒಬ್ಬ ಝೆರಾಕ್ಸ್ ಅಂಗಡಿಯವ