ರಾಜೀನಾಮೆ ಕೊಟ್ಟ ಮಗಳಿಗೆ

ಪುಟ್ಟಿ,

ರಾಜೀನಾಮೆ ಕಳಿಸಿದೆ ಅಂತ ನೀನು ಹೇಳಿದಾಗ ನಾನು ರೇಗಿದೆ. ಅಮ್ಮ ಫೋನ್ ಕಿತ್ತುಕೊಂಡಳು. ಆಮೇಲೆ ನೀನು ಎತ್ತಲಿಲ್ಲ. ರೇಗಿದ್ದಕ್ಕೆ ಬೇಜಾರು ಮಾಡ್ಕೋಬೇಡ. ಕೆಲಸ ಬಿಟ್ಟಿದ್ದಕ್ಕೆ ನನಗೆ ಸಿಟ್ಟಿಲ್ಲ. ಮ್ಯಾನೇಜರ್ ಏನೋ ಅಂದರು ಅಂತ ರಾತ್ರಿ ಹನ್ನೊಂದು ಗಂಟೆಗೆ ಹಾಸಿಗೆಯಲ್ಲಿ ಕೂತು ಮೊಬೈಲಿನಿಂದ ಕಳಿಸಿದೆಯಲ್ಲ, ಅದು ಕೊರೆಯುತ್ತಿದೆ.

ಯುಗಾದಿಯಿಂದಲೂ ನಿನಗೆ ಇದೇ ಯೋಚನೆ. ಅಮ್ಮನನ್ನು ಕೇಳಿದೆ, ಗೆಳತಿಯರನ್ನು ಕೇಳಿದೆ, ಪಟ್ಟಿ ಮಾಡಿದೆ. ಒಂದು ದಿನ ಬಿಡೋದೇ ಸರಿ, ಮರುದಿನ ಇರೋದೇ ಸರಿ. ಅಷ್ಟು ಯೋಚಿಸಿದವಳು ಹೀಗೆ ದುಡುಕೋದಾ ಅಂತ ಅಮ್ಮನಿಗೆ ಆಶ್ಚರ್ಯ. ನನಗಿಲ್ಲ. ಯೋಚಿಸಿ ಯೋಚಿಸಿ ಸಾಕಾದಾಗಲೇ ಮನುಷ್ಯ ದುಡುಕೋದು. ಹೇಗೋ ಒಮ್ಮೆ ಮುಗಿದರೆ ಸಾಕು ಅನ್ನಿಸಿಬಿಡುತ್ತೆ.

ನೀನು ಏಳನೇ ಕ್ಲಾಸಿನಲ್ಲಿದ್ದಾಗಿನ ಮಳೆಗಾಲ. ಅಡಿಕೆಗೆ ಎರಡನೇ ಸಲ ಬೋರ್ಡೋ ಔಷಧಿ ಹೊಡೆಯಬೇಕಿತ್ತು. ಮೊದಲನೆಯದು ಹೊಡೆದು 40-45 ದಿನಕ್ಕೆ ಇನ್ನೊಂದು ಬೀಳದಿದ್ದರೆ ಕಾಯಿಗೆ ಕೊಳೆರೋಗ ಹಿಡಿಯುತ್ತೆ. ಮಳೆ ಮಾತ್ರ ಬಿಡುತ್ತಿರಲಿಲ್ಲ. ನಾನು ಗಂಟೆಗೊಮ್ಮೆ ಅಂಗಳಕ್ಕೆ ಹೋಗಿ ಬರುತ್ತಿದ್ದೆ. ಅಜ್ಜ ಆರಾಮಾಗಿ ಕವಳ ಹಾಕುತ್ತಿದ್ದರು. ಮಳೆ ಹೊಳವಾಗಿ ಅಡಿಕೆ ಗೊನೆ ಒಣಗಬೇಕು, ಮರ ಹತ್ತೋ ಕೊನೆಗಾರ ಸಿಗಬೇಕು, ಅಷ್ಟಾದರೆ ಹೊಡೆಯೋದೇ ಅಂತ ಅವರು ಮೊದಲೇ ತೀರ್ಮಾನಿಸಿಯಾಗಿತ್ತು.

ಒಂದು ಬೆಳಿಗ್ಗೆ ಹೊಳವಾಯಿತು. ಒಂದು ಕಿಲೋ ಮೈಲುತುತ್ತ, ಅಂದರೆ ತಾಮ್ರದ ನೀಲಿ ಉಪ್ಪು, 50 ಲೀಟರ್ ನೀರಿಗೆ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿಗೆ. ಅಜ್ಜ ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿದು ಕಲಸಿದರು. ನಿನ್ನ ಕೈಗೆ ಚಾಕು ಕೊಟ್ಟು ಅದ್ದಿ ಹಿಡಿ ಅಂದರು. ನೀನು ಅದ್ದಿದವಳೇ ತೆಗೆದೆ. 'ಸಾಕಲ್ವಾ ಅಜ್ಜ, ಮಳೆ ಬರುತ್ತೆ' ಅಂದೆ. ಅಜ್ಜ ಮತ್ತೆ ಅದ್ದಿಸಿದರು. ಈ ಸಲ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿತ್ತು. ಹುಳಿ ಉಳಿದಿದೆ, ಹೀಗೇ ಹೊಡೆದರೆ ಗೊನೆ ಸುಡುತ್ತೆ ಅಂತ ಇನ್ನಷ್ಟು ಸುಣ್ಣದ ನೀರು ಬೆರೆಸಿದರು. ಮತ್ತೆ ಚಾಕು. ಅಲಗು ಹಾಗೇ ಹೊಳೆಯುತ್ತಿತ್ತು. ಅಲ್ಲಿಗೆ ಮುಗಿಯಿತು, ಮತ್ತೆ ನೋಡಲಿಲ್ಲ.

ಅಷ್ಟೊತ್ತಿಗೆ ಗುಡ್ಡದ ಕಡೆ ಮೋಡ ಕಟ್ಟಿತ್ತು. ನಾಳೆ ಹೊಡೆಸೋಣವಾ ಅಂತ ನಾನು ಕೇಳಿದೆ. ಕಲಸಿದ ಔಷಧಿ ನಾಳೆಗೆ ಬರಲ್ಲ ಅಂತ ಅಜ್ಜ ಕೊನೆಗಾರನನ್ನು ಮರ ಹತ್ತಿಸಿಯೇಬಿಟ್ಟರು. ಸಂಜೆ ಮಳೆ ಬಂತೋ ಇಲ್ಲವೋ, ನನಗೆ ನೆನಪಿಲ್ಲ. ಬಂದಿದ್ದರೂ ಅಜ್ಜ ಮಾಡಿದ್ದು ಸರಿಯೇ ಅಂತ ನನ್ನ ಲೆಕ್ಕ. ನೀನು ಒಪ್ಪುತ್ತೀಯೋ ಇಲ್ಲವೋ.

ಪುಟ್ಟಿ, ಏನೇನು ನೋಡಬೇಕು ಅಂತ ಮೊದಲೇ ಗೊತ್ತು ಮಾಡ್ಕೋ. ಅದನ್ನು ಪೂರ್ತಿ ನೋಡು, ಅರ್ಧಕ್ಕೆ ಕೈ ಎತ್ತಬೇಡ. ನೋಡಿಯಾದ ಮೇಲೆ ಮತ್ತೆ ಕೆದಕಬೇಡ. ರಾತ್ರಿ ಊಟ ಆದ ಮೇಲೆ ಯಾರಿಗೂ ದೊಡ್ಡ ಉತ್ತರ ಕಳಿಸಬೇಡ. ಬರೆದಿಟ್ಟು ಮಲಗು, ಬೆಳಿಗ್ಗೆ ಎದ್ದು ಓದು. ಭಾಷಣ ಜಾಸ್ತಿ ಆಯ್ತು ಅಂತ ಅಮ್ಮ ಪಕ್ಕದಿಂದ ಹೇಳುತ್ತಿದ್ದಾಳೆ. ಇರಲಿ, ಇದನ್ನು ನಿನಗೆ ಇನ್ಯಾರು ಹೇಳಬೇಕು?

ಓದಿನ ಸಾಲವನ್ನು ನಮ್ಮಿಂದ ಒಂದು ರೂಪಾಯಿ ಕೇಳದೆ ತೀರಿಸಿದವಳು ನೀನು. ಊರಲ್ಲಿ ಎಷ್ಟು ಜನರ ಮುಂದೆ ಹೇಳಿಕೊಂಡಿದ್ದೇನೋ. ನಿನ್ನ ಕೈಯಲ್ಲಿ ಆಗಲ್ಲ ಅನ್ನೋ ಭಯ ನನಗಿಲ್ಲ. ಈಗ ಗಾಬರಿಯಲ್ಲಿ ಸಿಕ್ಕಿದ ಮೊದಲ ಕೆಲಸಕ್ಕೆ ಹೂಂ ಅಂದುಬಿಡುತ್ತೀಯೇನೋ ಅಂತ ಭಯ. ಇಲ್ಲಾ ಮಾಡಿದ್ದು ಸರಿಯೋ ತಪ್ಪೋ ಅಂತ ದೀಪಾವಳಿವರೆಗೂ ನಿದ್ದೆಗೆಡುತ್ತೀಯೇನೋ ಅಂತ. ಮಾಡಿಯಾಯ್ತು, ಬಿಡು. ನೋಟಿಸಿನ ಮೂರು ತಿಂಗಳು ಸಂಬಳ ಬರುತ್ತೆ. ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಕೊನೆ ದಿನಕ್ಕೆ ನಿಲ್ಲುತ್ತೆ. ಅದಕ್ಕೆ ಮುಂಚೆ ನಿನ್ನ ಹೆಸರಲ್ಲಿ ಬೇರೆ ಮಾಡಿಸಬೇಕು. ನಾಳೆಯೇ ಎಚ್‌ಆರ್ ಹತ್ತಿರ ವಿಚಾರಿಸು. ನನಗೆ ಫೋನ್ ಮಾಡೋ ಮನಸ್ಸಿಲ್ಲದಿದ್ದರೆ ಅಮ್ಮನಿಗಾದರೂ ಮಾಡಿ ಹೇಳು.

ಅಪ್ಪ